ಕನ್ವರ್ಟಿಬಲ್‌ನ ಹಳೇ ಟಾಪ್ ಎಸೆಯುವ ಮುಂಚೆ ಇಷ್ಟು ಮಾಡಿ ನೋಡಿ

ಹಳೇ ಸ್ಪೋರ್ಟ್ಸ್ ಕಾರಿನ ಬಟ್ಟೆ ಟಾಪ್, ಅಂದರೆ ಮಡಚಿ ಇಳಿಸುವ ಛಾವಣಿ, ಒಂದು ಕಡೆ ಹರಿದರೆ ಸಾಕು, ಜನ ಸಿಲಿಕೋನ್ ಟ್ಯೂಬ್ ಹಿಡಿದು ಕಂಡಕಂಡಲ್ಲಿ ಬಳಿಯಲು ಶುರು ಮಾಡುತ್ತಾರೆ. ದಯವಿಟ್ಟು ಬೇಡ. ಒಮ್ಮೆ ಸಿಲಿಕೋನ್ ಕೂತ ಜಾಗದಲ್ಲಿ ಆಮೇಲೆ ಯಾವ ಅಂಟೂ ಹಿಡಿಯುವುದಿಲ್ಲ.

ಮೊದಲು ಕಾರ್ ಶಾಂಪೂ, ಮೆದು ಬ್ರಷ್ ಹಾಕಿ ತೊಳೆದು ಒಣಗಿಸಿ. ಪ್ರೆಷರ್ ವಾಷರ್ ಹತ್ತಿರ ತರಬೇಡಿ, ಹಳೇ ಹೊಲಿಗೆ ಕಿತ್ತುಬರುತ್ತದೆ.

ಎರಡನೆಯದು ಡ್ರೈನ್. ಸೀಟಿನ ಕೆಳಗೆ ನೀರು ಕಂಡರೆ ಎಲ್ಲರೂ ಟಾಪನ್ನೇ ಬೈಯುತ್ತಾರೆ, ಎಷ್ಟೋ ಸಲ ತಪ್ಪು ಅದರದ್ದಲ್ಲ. ಟಾಪಿನಿಂದ ಇಳಿದ ನೀರು ಕೊಳವೆ ಹಿಡಿದು ಕಾರಿನ ಅಡಿಗೆ ಹೋಗಬೇಕು; ಅಲ್ಲಿ ಎಲೆಪುಡಿ ಕಟ್ಟಿಕೊಂಡರೆ ಒಳಗೇ ತುಳುಕುತ್ತದೆ. ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ರಲ್ಲಿ ಈ ಕೊಳವೆಗಳ ತೂತುಗಳು ಸೀಟುಗಳ ಹಿಂದೆ ಎರಡೂ ಪಕ್ಕ ಇವೆ. ಪೋರ್ಶೆ ಬಾಕ್ಸ್‌ಸ್ಟರ್ 986 ಇದ್ದವರು ಇನ್ನೂ ಹುಷಾರಾಗಿರಬೇಕು: ಕಳ್ಳತನ ತಡೆಯುವ ಅದರ ಇಮೊಬಿಲೈಸರ್ ಯೂನಿಟ್ ಸೀಟಿನ ಕೆಳಗೇ ಇದೆ, ನೆನೆದರೆ ಕಾರ್ ಸ್ಟಾರ್ಟೇ ಆಗುವುದಿಲ್ಲ. ದಪ್ಪ ನೈಲಾನ್ ದಾರ ಮೆಲ್ಲಗೆ ಇಳಿಸಿ ಬಿಡಿಸಿ. ತಂತಿ ಚುಚ್ಚಿದರೆ ಕೊಳವೆಯೇ ಕಳಚಬಹುದು. ಆಮೇಲೆ ಒಂದು ಲೋಟ ನೀರು ಸುರಿದು, ಅಷ್ಟೂ ಅಡಿಯಿಂದ ಬೀಳುತ್ತದಾ ಬಗ್ಗಿ ನೋಡಿ.

ಈಗ ತೇಪೆ. ಎಲ್ಲರೂ ಕೆಡಿಸುವುದು ಇಲ್ಲೇ.

ಹರಿದದ್ದು ಯಾಕೆ ಅಂತ ಮೊದಲು ನೋಡಿ. ಟಾಪನ್ನು ಅರ್ಧ ಮಡಚಿ ನಿಲ್ಲಿಸಿ, ಬಟ್ಟೆ ಎಲ್ಲಿ ಫ್ರೇಮಿನ ಕೀಲುಗಳಿಗೆ ಸಿಕ್ಕಿಕೊಳ್ಳುತ್ತದೆ ಗಮನಿಸಿ. ಕೆಲವು ಕಾರುಗಳಲ್ಲಿ ಬಟ್ಟೆಯನ್ನು ಒಳಕ್ಕೆ ಎಳೆಯಲೆಂದೇ ಎಲಾಸ್ಟಿಕ್ ಪಟ್ಟಿ ಇರುತ್ತದೆ. ಅದು ಸಡಿಲವಾಗಿದ್ದರೆ ಬದಲಾಯಿಸಿ, ಇಲ್ಲದಿದ್ದರೆ ನಿಮ್ಮ ತೇಪೆಯೂ ಅಲ್ಲೇ ಹರಿಯುತ್ತದೆ. ಆಮೇಲೆ ಟಾಪ್ ಪೂರ್ತಿ ಮೇಲೆತ್ತಿ ಲಾಕ್ ಹಾಕಿ. ಬಾಗಿದ ಸೂಜಿ, ಪಾಲಿಯೆಸ್ಟರ್ ದಾರದಿಂದ ಹರಿದ ಅಂಚುಗಳನ್ನು ಹತ್ತಿರ ತನ್ನಿ. ಹತ್ತಿ ದಾರ ನೆನೆದು ನೆನೆದು ಕೊಳೆಯುತ್ತದೆ. ತೇಪೆ ಟಾಪಿನ ಜಾತಿಯದ್ದೇ ಇರಲಿ, ವಿನೈಲ್‌ಗೆ ವಿನೈಲ್, ಕ್ಯಾನ್ವಾಸ್‌ಗೆ ಕ್ಯಾನ್ವಾಸ್. ಹರುಕಿಗಿಂತ ಸುತ್ತಲೂ 2-3 ಸೆಂ.ಮೀ. ದೊಡ್ಡದಾಗಿ, ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪು ಮೂಲೆಯಾದರೆ ಅಲ್ಲಿಂದಲೇ ಏಳುತ್ತದೆ. ಬಟ್ಟೆಯ ಒಳಮೈ ಸಿಗುವಂತಿದ್ದರೆ ಒಳಗಿನಿಂದಲೇ ಹಚ್ಚಿ. ಕಾಂಟ್ಯಾಕ್ಟ್ ಅಂಟನ್ನು ತೇಪೆಗೂ ಟಾಪಿಗೂ ತೆಳ್ಳಗೆ ಬಳಿದು ಸುಮ್ನೆ ಕಾಯಿರಿ. ಬೆರಳಿಟ್ಟರೆ ಜಿಗುಟು ಅನ್ನಿಸಬೇಕು, ಆದರೆ ಅಂಟು ಬೆರಳಿಗೆ ಬರಬಾರದು. ಹಸಿ ಇರುವಾಗಲೇ ಒತ್ತಿದವರ ತೇಪೆ ಜಾರುತ್ತದೆ. ಒಮ್ಮೆ ಮುಟ್ಟಿದರೆ ಸರಿಸಲು ಆಗುವುದಿಲ್ಲ, ಹಾಗಾಗಿ ಒಂದು ಅಂಚಿನಿಂದ ಶುರು ಮಾಡಿ ಚಾಪೆ ಹಾಸಿದ ಹಾಗೆ ಕೂರಿಸುತ್ತಾ ಹೋಗಿ, ಆಚೆ ಬದಿಯಲ್ಲಿ ಇನ್ನೊಬ್ಬರು ಹಲಗೆ ಒತ್ತಿ ಹಿಡಿದಿರಲಿ. ಒಂದು ದಿನ ಟಾಪ್ ಮಡಚಬೇಡಿ. ಸೂಪರ್ ಗ್ಲೂ ಬೇಗ ಅಂಟುತ್ತದೆ ನಿಜ, ಆದರೆ ಗಟ್ಟಿಯಾಗಿ ಮಡಿಕೆಯಲ್ಲಿ ಬಿರಿಯುತ್ತದೆ. ಡಕ್ಟ್ ಟೇಪ್ ಮನೆ ತಲುಪುವವರೆಗೆ ಮಾತ್ರ. ಬೂಟ್ ಪಾಲಿಶ್ ಹಚ್ಚಿ ಕಪ್ಪು ಮಾಡುವವರೂ ಇದ್ದಾರೆ, ಆ ಕಪ್ಪು ನಿಮ್ಮ ಅಂಗಿಗೆ ಬರುತ್ತದೆ ಅಷ್ಟೇ.

ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದ್ದಾದರೆ ಚಳಿಯಲ್ಲಿ ಮಡಚಲೇಬೇಡಿ, ಸೀಳುತ್ತದೆ. 1989ರಲ್ಲಿ ಬಂದ ಆ ಎಂಎಕ್ಸ್-5ರಲ್ಲಿ ಜಿಪ್ ಇದೆ. ಟಾಪ್ ಇಳಿಸುವ ಮುಂಚೆ ಅದನ್ನು ಬಿಚ್ಚಿ ಕಿಟಕಿಯನ್ನು ಚಪ್ಪಟೆಯಾಗಿ ಮಲಗಿಸಿ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಬೇಡ, ಮಬ್ಬಾಗುತ್ತದೆ.

ಲಾಕ್ ಮುಂದಿನ ಗಾಜಿನ ಚೌಕಟ್ಟಿಗೆ ಎಟುಕುತ್ತಿಲ್ಲವಾ? ಜಗ್ಗಬೇಡಿ. ಕಾರನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಲಿಸಿ, ಬಟ್ಟೆ ಮೆತ್ತಗಾದ ಮೇಲೆ ಹಾಕಿ.