ಮನೆ ಪಕ್ಕದ ಬ್ರಾಸರಿಗೆ ಹೋಗಿ, ಗಟ್ಟಿಯಾಗಿ ಕನ್ನಡ ಮಾತಾಡಿ: ಲಂಡನ್ನಿಗೆ ಬಂದ ಹೊಸಬರಿಗೆ

ಜಿಪಿ (ಮನೆ ಹತ್ತಿರದ ವೈದ್ಯರು) ನೋಂದಣಿ, ಕೆಲಸಕ್ಕೆ ಬೇಕಾದ ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಬ್ಯಾಂಕ್ ಖಾತೆ ಎಲ್ಲ ಬೇಗ ಮುಗಿಸಿಕೊಳ್ಳಿ. ಅದಕ್ಕೆ ದಾರಿ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕೆಂದಿರುವುದು ನಿಮ್ಮ ಬೀದಿ ತುದಿಯ ಬ್ರಾಸರಿಯ ಬಗ್ಗೆ, ಅಂದರೆ ಫ್ರೆಂಚ್ ಶೈಲಿಯ ರೆಸ್ಟೋರೆಂಟಿನ ಬಗ್ಗೆ. ಹಿತ್ತಾಳೆಯ ಕಂಬಿ, ಚರ್ಮದ ಸೋಫಾ, ಗೋಡೆ ತುಂಬ ಕನ್ನಡಿ ನೋಡಿ ನಮ್ಮವರು ಸುಮ್ನೆ ಮುಂದೆ ಹೋಗಿಬಿಡುತ್ತಾರೆ. ವರ್ಷಗಟ್ಟಲೆ ಹಾಗೇ ಹೋಗುತ್ತಾರೆ. ನನಗೆ ಅದು ಸಂಕಟ.

ಬೆಳಗಿನ ತಿಂಡಿಯಿಂದ ರಾತ್ರಿ ಊಟದವರೆಗೆ ತೆರೆದಿರುವ ಜಾಗ ಅದು. ಇಲ್ಲಿನ ಎಷ್ಟೋ ರೆಸ್ಟೋರೆಂಟುಗಳಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆಯವರೆಗೆ ಅಡುಗೆಮನೆ ಬಂದ್. ಬ್ರಾಸರಿಯಲ್ಲಿ ಹಾಗಲ್ಲ. ನಾಲ್ಕು ಗಂಟೆಗೆ ಹೋಗಿ. ಆಗ ಜನ ಕಡಿಮೆ, ಬಡಿಸುವವರಿಗೂ ಮಾತಾಡಲು ಪುರುಸೊತ್ತಿರುತ್ತದೆ. ಬರೀ ಕಾಫಿ ಕುಡಿದು ಎದ್ದರೂ ಪರವಾಗಿಲ್ಲ. ಊರಿನ ಹೋಟೆಲಿನಲ್ಲಿ ಮಾಡುವಂತೆ ಖಾಲಿ ಟೇಬಲ್ ಕಂಡ ಕೂಡಲೇ ಕೂರಬೇಡಿ, ಬಾಗಿಲ ಬಳಿ ನಿಲ್ಲಿ. ಅವರೇ ಬಂದು ಕೂರಿಸುತ್ತಾರೆ.

ಸಸ್ಯಾಹಾರಿಗಳು ಇದನ್ನು ನಿಧಾನವಾಗಿ ಓದಿ. ಫ್ರೆಂಚ್ ಈರುಳ್ಳಿ ಸೂಪನ್ನು ಸಾಮಾನ್ಯವಾಗಿ ದನದ ಮೂಳೆ ಬೇಯಿಸಿದ ಸ್ಟಾಕ್‌ನಲ್ಲಿ ಮಾಡುತ್ತಾರೆ. ಸೀಸರ್ ಸಲಾಡ್‌ನ ಡ್ರೆಸಿಂಗ್‌ಗೆ ಆಂಚೊವಿ ಮೀನು ಬೀಳುತ್ತದೆ. ಅಸಲಿ ಪಾರ್ಮೆಜಾನ್ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಪನ್ನಾ ಕೋಟಾ ಅನ್ನುವ ಕೆನೆಯ ಸಿಹಿತಿಂಡಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್. ಚಿಪ್ಸ್ ಕರಿದ ಎಣ್ಣೆಯಲ್ಲೇ ಮೀನೂ ಕರಿದಿರಬಹುದು. ಕಾನೂನಿನ ಪ್ರಕಾರ ಅವರು 14 ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು. ಹಾಲು, ಮೊಟ್ಟೆ, ಮೀನು ಆ ಪಟ್ಟಿಯಲ್ಲಿವೆ. ಮಾಂಸ ಇಲ್ಲ! ಹಾಗಾಗಿ ಸ್ಟಾಕ್, ರೆನೆಟ್, ಜೆಲಟಿನ್ ಬಗ್ಗೆ ನೀವೇ ಬಾಯಿಬಿಟ್ಟು ಕೇಳಬೇಕು. ಸಂಕೋಚ ಬೇಡ. ಅಡುಗೆಮನೆಗೆ ಹೋಗಿ ವಿಚಾರಿಸಿ ಬನ್ನಿ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನೀರಿಗೆ ದುಡ್ಡು ಕೊಡಬೇಡಿ. ಟ್ಯಾಪ್ ವಾಟರ್ ಅಂತ ಕೇಳಿ. ಮದ್ಯದ ಲೈಸೆನ್ಸ್ ಇರುವ ಜಾಗದಲ್ಲಿ ಅದನ್ನು ಪುಕ್ಕಟೆ ಕೊಡಲೇಬೇಕು. ಬಿಲ್ಲಿನಲ್ಲಿ ಬಹಳ ಕಡೆ ಶೇಕಡಾ 12.5 ಸರ್ವಿಸ್ ಚಾರ್ಜ್ ಸೇರಿರುತ್ತದೆ. ಅದರ ಮೇಲೆ ಮತ್ತೆ ಟಿಪ್ಸ್ ಬೇಕಿಲ್ಲ. 2024ರ ಅಕ್ಟೋಬರ್‌ನಿಂದ ಆ ಹಣ ಪೂರ್ತಿ ಕೆಲಸಗಾರರಿಗೇ ಹೋಗಬೇಕು ಅನ್ನುವ ಕಾನೂನು ಬಂದಿದೆ. ಹಾಗಾಗಿ ಸೇವೆ ಚೆನ್ನಾಗಿದ್ದರೆ ಖುಷಿಯಿಂದ ಕೊಡಿ.

ಇನ್ನು ಮಕ್ಕಳ ವಿಷಯ. ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ಇಂಥ ಜಾಗಕ್ಕೆ ಕಾಲಿಟ್ಟ ಕೂಡಲೇ ಎಷ್ಟೋ ಅಪ್ಪ ಅಮ್ಮಂದಿರು ದನಿ ತಗ್ಗಿಸುತ್ತಾರೆ, ಮಕ್ಕಳ ಜೊತೆಗೂ ಇಂಗ್ಲಿಷಿಗೆ ಹೊರಳುತ್ತಾರೆ. ಮಕ್ಕಳು ಅದನ್ನು ಗಮನಿಸುತ್ತವೆ. ಕನ್ನಡ ಮನೆಯೊಳಗೆ ಮಾತ್ರ, ಚೆಂದದ ಜಾಗಗಳಿಗೆ ಅದು ಸಲ್ಲದು ಅಂತ ಅವಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಮುಂದೆ ಅಜ್ಜಿಯ ಫೋನ್ ಬಂದಾಗ ಮಗು ಯಾಕೆ ಉತ್ತರ ಕೊಡುವುದಿಲ್ಲ ಅಂತ ಕೊರಗುತ್ತೇವೆ, ಅಲ್ವಾ? ಪಕ್ಕದ ಟೇಬಲಿನವರು ಇಟಾಲಿಯನ್ನಿನಲ್ಲೋ ಪೋಲಿಷಿನಲ್ಲೋ ನಗುತ್ತಾ ಹರಟುತ್ತಿರುತ್ತಾರೆ. ನೀವೂ ಹಾಗೇ ಮಾತಾಡಿ.

ಬೈ ಟೂ ಅಭ್ಯಾಸವನ್ನೂ ಬಿಡಬೇಡಿ. ಎರಡು ತಟ್ಟೆ ಜಾಸ್ತಿ ಕೇಳಿ, ಎಲ್ಲವನ್ನೂ ಟೇಬಲಿನ ನಡುವೆ ಇಟ್ಟು ಹಂಚಿಕೊಳ್ಳಿ. ತನ್ನ ತಟ್ಟೆ ತನಗೆ ಅನ್ನುವ ಊಟ ಮಕ್ಕಳಿಗೆ ಶಾಲೆಯಲ್ಲಿ ದಿನಾ ಇದ್ದೇ ಇರುತ್ತದೆ. ಊರಿಂದ ಅಪ್ಪ ಅಮ್ಮ ಬಂದಾಗ ಅವರನ್ನೂ ಕರೆದುಕೊಂಡು ಹೋಗಿ. ಮೆನುವನ್ನು ಮಕ್ಕಳ ಕೈಗೆ ಕೊಟ್ಟು, ಅದರಲ್ಲಿ ಏನೇನಿದೆ ಅಂತ ಅಜ್ಜಿಗೆ ಕನ್ನಡದಲ್ಲಿ ಅವರೇ ಹೇಳಲಿ.