ಮೊದಲು ಕಾಲೆತ್ತಿ ನೋಡಿ

ಪುಣೆಗೆ ಲಾಯದ ಕೆಲಸಕ್ಕೆ ಬರುವ ನಮ್ಮ ವಿಜಯಪುರದ ಹುಡುಗರು ಕುದುರೆ ಆರೋಗ್ಯವಾಗಿದೆಯಾ ಅಂತ ತಿಳಿಯಲು ಮೊದಲು ಅದರ ಮೈಹೊಳಪು ನೋಡುತ್ತಾರೆ. ನಾನು ಕಾಲೆತ್ತಿಸುತ್ತೇನೆ. ಗೊರಸಿನ ಹೊರಮೈ ನಯವಾಗಿರಬೇಕು, ಸೀಳು ಇರಬಾರದು. ಕೆಸರು ಕೆರೆದು ಅಡಿ ನೋಡಿ. ನಡುವಿನ ಮೂರುಮೂಲೆಯ ಭಾಗ ಒತ್ತಿದರೆ ರಬ್ಬರಿನ ಹಾಗೆ ಪುಟಿಯಬೇಕು. ಪಕ್ಕದ ಸಂದಿಯಲ್ಲಿ ಕಪ್ಪು ಲೋಳೆ, ಕೊಳೆತ ವಾಸನೆ ಇದ್ದರೆ ಅದು ಮಳೆಗಾಲದ ಹಸಿ ನೆಲದ ಕಾಟ. ನೆಲ ಒಣಗಿಸದೆ ಸುಮ್ನೆ ಔಷಧಿ ಹಚ್ಚಿ ಏನು ಪ್ರಯೋಜನ, ಅಲ್ವಾ? ಗೊರಸು ಬಿಸಿಯಾಗಿ, ಕುದುರೆ ಹಿಂದಕ್ಕೆ ವಾಲಿ ನಿಂತಿದ್ದರೆ ತಡ ಮಾಡದೆ ಡಾಕ್ಟರನ್ನು ಕರೆಸಿ.

ಉಳಿದದ್ದು ಸುಲಭ. ಒಸಡು ತಿಳಿ ಗುಲಾಬಿ ಇರಬೇಕು. ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28ರಿಂದ 44. ಲದ್ದಿ ಉಂಡೆಯಾಗಿ ಬೀಳಬೇಕು. ಹೊಟ್ಟೆಗೆ ಕಿವಿಯಿಟ್ಟರೆ ಗುಡುಗುಡು ಕೇಳಬೇಕು. ಸದ್ದೇ ಇಲ್ಲದಿದ್ದರೆ ನನಗೆ ಭಯ ಜಾಸ್ತಿ.