ಟರ್ಬೊ ಕಾರಿಗೆ ಮ್ಯಾಪ್ ಹಾಕ್ಸೋ ಮುಂಚೆ ಸೆನ್ಸರ್ ಎಂತ ಹೇಳ್ತದೆ ನೋಡಿ

ಕುಮಟಾದಿಂದ ದೇವಿಮನೆ ಘಟ್ಟ ಹತ್ತೋವಾಗ ಕಾರು ಏದುಸಿರು ಬಿಡ್ತದೆ ಅಂತ ಸೀದಾ ಸ್ಟೇಜ್ 1 ರಿಮ್ಯಾಪಿಗೆ (ಎಂಜಿನ್ ನಡೆಸೋ ಕಂಪ್ಯೂಟರ್, ಅಂದ್ರೆ ಇಸಿಯು, ಅದರ ಸಾಫ್ಟ್‌ವೇರ್ ಮಾತ್ರ ಬದಲಾಯಿಸಿ ಪವರ್ ಏರಿಸೋದು) ದುಡ್ಡು ಹೊಂದಿಸೋರು ಸ್ವಲ್ಪ ತಡೀರಿ ಮಾರಾಯ್ರೆ. ನಂದೂ ಅದೇ ಕಥೆ ಆಗಿತ್ತು. ಪಿ0299 ಅಂತ ಎರರ್ ಕೋಡ್ ಬಂತು, ಅಂದ್ರೆ ಟರ್ಬೊ ಕೊಡಬೇಕಾದಷ್ಟು ಬೂಸ್ಟ್ (ಎಂಜಿನಿಗೆ ಒತ್ತಿ ತುಂಬೋ ಗಾಳಿಯ ಹೆಚ್ಚುವರಿ ಒತ್ತಡ) ಬರ್ತಾ ಇಲ್ಲ ಅಂತ, ಗ್ಯಾರೇಜಲ್ಲಿ ಸೆನ್ಸರ್ ಹೋಗಿದೆ ಅಂದ್ರು, ಹೊಸದು ಹಾಕ್ಸಿದೆ, ವಾರಕ್ಕೇ ಮತ್ತೆ ಅದೇ ಕೋಡ್. ಕೊನೆಗೆ ನೋಡಿದ್ರೆ ಟರ್ಬೊದಿಂದ ಬರೋ ಬಿಸಿ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್ ಪೈಪಿನ ಕ್ಲಿಪ್ಪು ಕಾರವಾರದ ಉಪ್ಪು ಗಾಳಿಗೆ ತುಕ್ಕು ಹಿಡಿದು ಸಡಿಲ ಆಗಿತ್ತು, ಅಷ್ಟೇ.

ಮೊದ್ಲು ಒಂದು ಬ್ಲೂಟೂತ್ ಓಬಿಡಿ ರೀಡರ್ (ಕಾರಿನ ಸಾಕೆಟ್ಟಿಗೆ ಚುಚ್ಚಿದ್ರೆ ಕೋಡು, ಸೆನ್ಸರ್ ರೀಡಿಂಗ್ ಓದೋ ಡಬ್ಬಿ) ತಗೊಳ್ಳಿ, ಫೋನಲ್ಲಿ ಆ್ಯಪ್ ಹಾಕ್ಕೊಳ್ಳಿ. ಎಂಜಿನ್ ಸ್ಟಾರ್ಟ್ ಮಾಡ್ದೆ ಕೀ ಮಾತ್ರ ಆನ್ ಮಾಡಿ ಮ್ಯಾಪ್ ಸೆನ್ಸರ್ ರೀಡಿಂಗ್ ನೋಡಿ. ಇಲ್ಲಿ ಮ್ಯಾಪ್ ಅಂದ್ರೆ ಟ್ಯೂನರ್ ಹಾಕೋ ಮ್ಯಾಪ್ ಅಲ್ಲ, ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯೋ ಸೆನ್ಸರ್. ಎಂಜಿನ್ ನಿಂತಾಗ ಅದು ಹೊರಗಿನ ಗಾಳಿಯ ಒತ್ತಡಾನೇ ತೋರಿಸ್ಬೇಕು. ಕಾರವಾರದಲ್ಲಿ ಸಮುದ್ರ ಮಟ್ಟ, ಹಾಗಾಗಿ 100-101 ಕೆಪಿಎ (ಕಿಲೋಪ್ಯಾಸ್ಕಲ್, 100 ಅಂದ್ರೆ 1 ಬಾರ್), ಶಿರಸಿ ಸುಮಾರು 590 ಮೀಟರ್ ಎತ್ತರ ಇರೋದ್ರಿಂದ 94-95 ಹತ್ರ. ಶಿರಸಿ ಪೇಟೇಲಿ ನಿಂತು 101 ತೋರಿಸ್ತಾ ಇದ್ರೆ ಸೆನ್ಸರ್ ಮೇಲೆ ಅನುಮಾನ ಪಡಿ, ಸರಿ ತೋರಿಸ್ತಾ ಇದ್ರೆ ಬದಲಾಯಿಸೋಕೆ ಹೋಗ್ಬೇಡಿ. ಬೂಸ್ಟ್ ಎಷ್ಟು ಅಂತ ಬೇಕಂದ್ರೆ ಓಡ್ತಾ ಇರೋವಾಗ ಬರೋ ರೀಡಿಂಗಿಂದ ಈ ನಂಬರ್ ಕಳೀರಿ, 180 ತೋರಿಸಿದ್ರೆ ಕಾರವಾರದಲ್ಲಿ ಹತ್ರ ಹತ್ರ 0.8 ಬಾರ್ ಬೂಸ್ಟ್.

ಇನ್ನು ಲೀಕ್ ನೋಡೋದು. ಹಾರ್ಡ್‌ವೇರ್ ಅಂಗಡೀಲಿ ಟರ್ಬೊ ಇನ್‌ಲೆಟ್ ಪೈಪಿಗೆ ಕೂರೋ ಸೈಜಿನ ಪಿವಿಸಿ ಎಂಡ್ ಕ್ಯಾಪ್ ತಗೊಂಡು, ನಡುವೆ ತೂತು ಮಾಡಿ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರ್ಸಿ. ಏರ್ ಫಿಲ್ಟರ್ ಕಡೆ ಪೈಪ್ ಬಿಚ್ಚಿ ಇದನ್ನ ಹಾಕಿ ಕ್ಲಿಪ್ ಬಿಗಿ ಮಾಡಿ, ಆಯಿಲ್ ಮುಚ್ಚಳ ಸಡಿಲ ಮಾಡಿ, ಟೈರ್ ಪಂಪಲ್ಲಿ ನಿಧಾನ 8-10 ಪಿಎಸ್ಐ ತುಂಬ್ಸಿ, ಜಾಸ್ತಿ ಬೇಡ, ಕ್ಯಾಪ್ ಹಾರಿ ಮುಖಕ್ಕೆ ಬಿದ್ದೀತು, ಎದುರಿಗೆ ನಿಲ್ಬೇಡಿ. ಸೋಪಿನ ನೀರನ್ನ ಕೈ ಸ್ಪ್ರೇಯರಲ್ಲಿ ಒಂದೊಂದು ಜಾಯಿಂಟಿಗೂ ಹೊಡೀತಾ ಹೋಗಿ. ನನ್ನ ಕಾರಲ್ಲಿ ಕೆಳಗಿನ ಪೈಪಿನ ಹಿಂಬದೀಲಿ, ಮೇಲಿಂದ ಕಣ್ಣಿಗೇ ಬೀಳದ ಕಡೆ, ಬುಳುಬುಳು ಅಂತ ನೊರೆ ಎದ್ದಿತ್ತು. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡಿಯೋ ಪಂಪಿನ ಸ್ಪೇರ್ ಮಾರೋ ಅಂಗಡೀಲಿ ಸಿಕ್ಕ ಸ್ಟೀಲ್ ಕ್ಲಿಪ್ಪೇ ಅದಕ್ಕೆ ಹಾಕಿದ್ದು, ಇವತ್ತಿಗೂ ಗಟ್ಟಿ ಇದೆ.

ಏರ್ ಫ್ಲೋ ಸೆನ್ಸರ್ ಇರೋ ಕಾರಲ್ಲಿ ಈ ಲೀಕ್ ಬೇರೆ ಆಟ ಆಡ್ತದೆ. ಸೆನ್ಸರ್ ಅಳೆದ ಗಾಳಿ ದಾರೀಲಿ ಹೊರಗೆ ಹೋಗ್ತದೆ, ಇಸಿಯು ಮಾತ್ರ ಅಷ್ಟಕ್ಕೂ ಪೆಟ್ರೋಲ್ ಸುರೀತದೆ, ಕಪ್ಪು ಹೊಗೆ, ಮೈಲೇಜ್ ಢಮಾರ್. ಕಾಟನ್ ಫಿಲ್ಟರ್ ಹಾಕ್ಸಿ ಎಣ್ಣೆ ಜಾಸ್ತಿ ಹಚ್ಚಿದೋರು ಆ ಸೆನ್ಸರಿನ ತಂತಿನೂ ನೋಡ್ಕೊಳ್ಳಿ, ಅದಕ್ಕಂತಲೇ ಬರೋ ಕ್ಲೀನರ್ ಮಾತ್ರ ಹೊಡೀರಿ, ಕಾರ್ಬ್ ಕ್ಲೀನರ್ ಅಲ್ಲ. ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲ್ ಹೆಚ್ಚು ಕಮ್ಮಿ ಮಾಡ್ಕೊಳ್ಳೋ ಪ್ರಮಾಣ) 5 ಪರ್ಸೆಂಟ್ ಆಚೆ ಈಚೆ ಇದ್ರೆ ಚಿಂತೆ ಬೇಡ, 10 ದಾಟಿದ್ರೆ ಹುಡುಕಿ.

ಇಷ್ಟಾದ್ಮೇಲೆ ಲಾಗ್ ಮಾಡಿ, ಅಂದ್ರೆ ಕಾರು ಓಡ್ತಾ ಇರೋವಾಗ ಆ್ಯಪಲ್ಲಿ ರೀಡಿಂಗ್ ದಾಖಲಿಸ್ಕೊಳ್ಳಿ. ಮೊಬೈಲ್ ಪಕ್ಕದಲ್ಲಿ ಕೂತೋರ ಕೈಲಿರ್ಲಿ. ಎಂಜಿನಿಗೆ ಹೋಗೋ ಗಾಳಿಯ ಟೆಂಪರೇಚರ್, ಇಗ್ನಿಷನ್ ಟೈಮಿಂಗ್ (ಸ್ಪಾರ್ಕ್ ಹೊಡಿಯೋ ಹೊತ್ತು), ಬೂಸ್ಟ್ ಈ ಮೂರು ಸಾಕು. ಘಟ್ಟದಲ್ಲಿ ಲಾರಿ ಹಿಂದೆ ಸೆಕೆಂಡ್ ಗೇರಲ್ಲಿ ತೆವಳೋವಾಗ ಇಂಟರ್‌ಕೂಲರಿಗೆ ಗಾಳಿನೇ ಇಲ್ಲ, ಟೆಂಪರೇಚರ್ 60 ದಾಟ್ತದೆ, ನಾಕ್ (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗೇ ಹೊತ್ತಿ ಬಡಿಯೋದು) ಆಗ್ದೆ ಇರ್ಲಿ ಅಂತ ಇಸಿಯು ಟೈಮಿಂಗ್ ಹಿಂದೆ ಎಳೀತದೆ, ಪಿಕಪ್ ಸಾಯ್ತದೆ. ಇದಕ್ಕೆ ಬೂಸ್ಟ್ ಏರಿಸೋ ಮ್ಯಾಪ್ ಹಾಕಿದ್ರೆ ಬಿಸಿ ಇನ್ನೂ ಏರ್ತದೆ, ನನ್ನ ಪ್ರಕಾರ ನಮ್ಮ ಸೆಕೆಗೆ ಮೊದಲ ಖರ್ಚು ಒಳ್ಳೆ ಇಂಟರ್‌ಕೂಲರಿಗೇ. ಗಾಳಿ-ಪೆಟ್ರೋಲ್ ಮಿಕ್ಸ್ಚರ್ ಸರಿ ನೋಡ್ಬೇಕಂದ್ರೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಬೇಕು, ಫುಲ್ ಥ್ರಾಟಲಲ್ಲಿ ಲ್ಯಾಂಬ್ಡಾ (1 ಅಂದ್ರೆ ಸರಿಸಮ, ಅದಕ್ಕಿಂತ ಕಮ್ಮಿ ಅಂದ್ರೆ ಪೆಟ್ರೋಲ್ ಜಾಸ್ತಿ) 0.8-0.85 ಆಸುಪಾಸು ಇರ್ಬೇಕು, ಹಳೆ ನ್ಯಾರೋಬ್ಯಾಂಡ್ ಅದನ್ನ ಹೇಳೋದಿಲ್ಲ.

ಪೆಟ್ರೋಲ್ ವಿಷ್ಯ. ಒಂದು ಪಾಲು ಬರೀ ಪೆಟ್ರೋಲಿಗೆ ತೂಕದಲ್ಲಿ ಗಾಳಿ 14.7 ಪಾಲು ಬೇಕು, ಎಥೆನಾಲಿಗೆ 9 ಸಾಕು, ಹಾಗಾಗಿ ಇ20ಗೆ (20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್) ಇಂಜೆಕ್ಟರ್ ಜಾಸ್ತಿ ಹೊತ್ತು ತೆರೀಬೇಕಾಗ್ತದೆ, ಬೂಸ್ಟ್ ಏರಿಸಿದ್ರೆ ಮತ್ತಷ್ಟು. ಟ್ಯೂನರಿಗೆ ಇದನ್ನ ಹೇಳಿನೇ ಮ್ಯಾಪ್ ಮಾಡ್ಸಿ. ಕಾರವಾರದೋರು ಅಗ್ಗ ಅಂತ ಗೋವಾ ಗಡಿಗೆ ಹೋಗಿ ಪೋಳೆಂನಲ್ಲಿ ಟ್ಯಾಂಕ್ ತುಂಬ್ಸೋದು ಇದ್ದಿದ್ದೇ, ಆದ್ರೆ ಜಾಸ್ತಿ ಆಕ್ಟೇನಿನ (ನಾಕ್ ತಡೆಯೋ ಶಕ್ತಿ ಜಾಸ್ತಿ ಇರೋ) ಪೆಟ್ರೋಲಿಗೆ ಮ್ಯಾಪ್ ಹಾಕ್ಸಿ ಸಾದಾ ತುಂಬ್ಸಿದ್ರೆ ಉಳಿಸಿದ ದುಡ್ಡು ಪಿಸ್ಟನಿಗೆ ಹೋಗ್ತದೆ. ಕೇಳಿದ ಕಡೆಯೆಲ್ಲಾ ಅಂಥ ಪೆಟ್ರೋಲ್ ಸಿಗ್ತದೆ ಅಂತ ನಂಬ್ಕೊಬೇಡಿ, ಸಾದಾ ಪೆಟ್ರೋಲಿಗೇ ಮಾಡ್ಸಿದ ಮ್ಯಾಪಲ್ಲಿ ನಾಲ್ಕು ಕುದುರೆ ಕಮ್ಮಿ ಬಂದ್ರೂ ನಿದ್ದೆ ಬರ್ತದೆ. ವಾರಂಟಿ ಇನ್ನೂ ಇದ್ರೆ ಅದು ಹೋಯ್ತು ಅಂತಲೇ ಲೆಕ್ಕ, ಇನ್ಶೂರೆನ್ಸ್‌ನೋರಿಗೂ ಹೇಳಿಟ್ಟಿರಿ.

ಮತ್ತೆ, ಘಟ್ಟ ಹತ್ತಿ ದೇವಿಮನೇಲಿ ಕೈ ಮುಗಿಯೋಕೆ ನಿಲ್ಲಿಸ್ತೀರಲ್ಲ, ಆಗ ಕೂಡ್ಲೆ ಕೀ ತಿರುಗಿಸ್ಬೇಡಿ. ಟರ್ಬೊ ಕೆಂಡದಂಗೆ ಕಾದಿರ್ತದೆ, ಆಯಿಲ್ ಹರಿಯೋದು ನಿಂತ್ರೆ ಒಳಗೇ ಸುಟ್ಟು ಕರಿ ಕಟ್ತದೆ. ಒಬ್ರು ಇಳಿದು ಕಾಯಿ ತಗೊಂಡು ಬರೋವಷ್ಟು ಹೊತ್ತು ಐಡ್ಲಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ.